ವರ್ಚುವಲ್ ಸ್ಟೇಕ್ಸ್ ರೇಸ್‌ಗೆ ಪ್ರಿವ್ಯೂ ಬರೆಯೋದು ಹೇಗೆ? ಮೊದಲ 400 ಮೀಟರ್‌ನಿಂದ ಶುರು ಮಾಡಿ

2020ರ ಮೇ 2ನೇ ತಾರೀಕು ಶನಿವಾರ ಅಮೆರಿಕದ ದೊಡ್ಡ ಕುದುರೆ ಓಟ ಕೆಂಟಕಿ ಡರ್ಬಿ ನಡೀಬೇಕಿತ್ತು, ಕೋವಿಡ್ ಬಂದು ಅದು ಸೆಪ್ಟೆಂಬರ್‌ಗೆ ಹೋಯ್ತು, ಆ ಖಾಲಿ ಬಿದ್ದ ದಿನ ಒಂದು ಕಂಪ್ಯೂಟರ್ ಓಟ ಓಡಿಸಿದ್ರು. ಅಮೆರಿಕದ ಟ್ರಿಪಲ್ ಕ್ರೌನ್ (ಒಂದೇ ವರ್ಷ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರೂ ಓಟ ಗೆಲ್ಲೋದು) ಗೆದ್ದ 13 ಕುದುರೆಗಳೂ, ಅಂದ್ರೆ 1919ರ ಸರ್ ಬಾರ್ಟನ್‌ನಿಂದ 2018ರ ಜಸ್ಟಿಫೈ ತನಕ, ಒಂದೇ ಗೇಟ್‌ನಿಂದ ಹೊರಟ್ವು. ಸೆಕ್ರೆಟೇರಿಯಟ್ ಗೆಲ್ತು, ಸೈಟೇಶನ್ ಎರಡನೇದಾಗಿ ಬಂತು.

ಇಂಥ ಓಟಕ್ಕೆ ಪ್ರಿವ್ಯೂ ಬರೀರಿ ಅಂದ್ರೆ ಹೆಚ್ಚಿನವರು ಮಾಡೋದು ಒಂದೇ ಕೆಲಸ. ಒಂದೊಂದೇ ಕುದುರೆ ಹೆಸರು ಹಾಕಿ ಪಕ್ಕದಲ್ಲಿ ಎರಡು ಒಳ್ಳೆ ಮಾತು ಬರೆದು ಕೊನೆಗೆ ಫೇವರಿಟ್‌ಗೆ ಒಂದು ಸ್ಟಾರ್ ಹಾಕಿ ಮುಗಿಸೋದು. ಓದಿದವರಿಗೆ ಕುದುರೆಗಳ ಪರಿಚಯ ಆಗತ್ತೆ, ಆದ್ರೆ ಓಟ ಕಣ್ಣಿಗೆ ಕಟ್ಟಲ್ಲ. ಪ್ರಿವ್ಯೂ ಅಂದ್ರೆ ಇನ್ನೂ ನಡೆಯದ ಓಟವನ್ನ ಮೊದಲೇ ಒಂದು ಸಲ ಓಡಿಸಿ ತೋರಿಸೋದು, ಯಾರು ಮುಂದೆ ಹೋಗ್ತಾರೆ, ಅವರ ಬೆನ್ನಿಗೆ ಯಾರು, ಎಲ್ಲಿ ದಮ್ಮು ಕಟ್ಟತ್ತೆ ಅನ್ನೋದು ಬರಬೇಕು. ಅದನ್ನ ಮಾಡೋ ದಾರಿ ಇಲ್ಲಿದೆ.

ಮೊದಲು ಗೊತ್ತು ಮಾಡ್ಕೊಳ್ಳಿ: ಇದನ್ನ ಓಡಿಸ್ತಿರೋದು ಏನು?

ವರ್ಚುವಲ್ ರೇಸ್ ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ವಸ್ತು ಇವೆ. ಒಂದು, ಬೆಟ್ಟಿಂಗ್ ಸೈಟುಗಳಲ್ಲಿ ಎರಡು ಮೂರು ನಿಮಿಷಕ್ಕೊಂದು ಓಡೋದು. ಅಲ್ಲಿ ಫಲಿತಾಂಶ ತೆಗೆಯೋದು ರ‍್ಯಾಂಡಮ್ ನಂಬರ್ ಜನರೇಟರ್ (ಲಾಟರಿ ಥರ ಅಂಕಿ ಎತ್ತೋ ಪ್ರೋಗ್ರಾಮ್), ಪರದೆ ಮೇಲೆ ಓಡೋದು ಆಮೇಲೆ ಹಾಕಿದ ಚಿತ್ರ. ಆ ಕುದುರೆಗೆ ನಿನ್ನೆ ಅನ್ನೋದಿಲ್ಲ, ಫಾರ್ಮ್ ಅನ್ನೋದಿಲ್ಲ, ಇದಕ್ಕೆ ಪ್ರಿವ್ಯೂ ಬರೆಯೋದು ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಹಾಗೆ. ದಯವಿಟ್ಟು ಬರೀಬೇಡಿ, ಯಾಕಂದ್ರೆ ನಿಮ್ಮ ಮಾತು ನಂಬಿ ಯಾರೋ ದುಡ್ಡು ಹಾಕ್ತಾರೆ.

ಎರಡನೇದು ಗೇಮ್‌ಗಳು. ಇಲ್ಲಿ ನೀವೇ ಕುದುರೆ ಸಾಕ್ತೀರಿ, ಅದಕ್ಕೆ ಸ್ಪೀಡ್, ಸ್ಟ್ಯಾಮಿನಾ, ಅಕ್ಸಿಲರೇಶನ್ ಅಂತ ಗುಣಗಳು, ಇಷ್ಟದ ದೂರ, ಇಷ್ಟದ ಟ್ರ್ಯಾಕ್ ಇರತ್ತೆ, ಹಳೇ ಓಟದ ದಾಖಲೆ ಉಳಿಯತ್ತೆ. ಮೂರನೇದು ನಿಜವಾದ ಕುದುರೆಗಳ ಡೇಟಾ ಹಾಕಿ ಓಡಿಸೋ ಸಿಮ್ಯುಲೇಶನ್, ಆ ಮೇ 2ರ ಡರ್ಬಿ ಥರದ್ದು. ಈ ಎರಡಕ್ಕೆ ಮಾತ್ರ ಪ್ರಿವ್ಯೂ ಬರೆಯೋದಕ್ಕೆ ಅರ್ಥ ಇದೆ. ಅದೃಷ್ಟದ ಪಾಲು ಇವುಗಳಲ್ಲೂ ಇದೆ, ಆದ್ರೆ ಅದರ ಕೆಳಗೆ ಕುದುರೆ ಅನ್ನೋದೊಂದು ಇದೆ.

ಸ್ಟೇಕ್ಸ್ ಅಂದ ಮೇಲೆ ಷರತ್ತು ಓದಿ

ಸ್ಟೇಕ್ಸ್ ಅನ್ನೋ ಹೆಸರು ಬಂದದ್ದೇ ಮಾಲೀಕರು ಪ್ರವೇಶಕ್ಕೆ ಕಟ್ಟೋ ಹಣದಿಂದ. ಎಲ್ಲರೂ ಕಟ್ಟಿದ್ದು ಬಹುಮಾನಕ್ಕೆ ಸೇರತ್ತೆ. ದುಡ್ಡು ಕಟ್ಟಿ ಬರೋದ್ರಿಂದ ಸಾಮಾನ್ಯ ಓಟಕ್ಕಿಂತ ಇಲ್ಲಿ ಗಟ್ಟಿ ಕುದುರೆಗಳೇ ಬರ್ತವೆ, ಹಾಗಾಗಿ ಕೆಳಗಿನ ಕ್ಲಾಸಲ್ಲಿ ಐದು ಓಟ ಸತತ ಗೆದ್ದ ಕುದುರೆನ ಅದೇ ಕಣ್ಣಲ್ಲಿ ನೋಡೋ ಹಾಗಿಲ್ಲ. ದೂರ ಎಷ್ಟು, ಟ್ರ್ಯಾಕ್ ಹುಲ್ಲೋ ಮಣ್ಣೋ, ಹೊರೋ ತೂಕ ಎಲ್ಲರಿಗೂ ಸಮವೋ ಹ್ಯಾಂಡಿಕ್ಯಾಪೋ (ಗಟ್ಟಿ ಕುದುರೆಗೆ ಹೆಚ್ಚು ತೂಕ), ಎಷ್ಟು ಕುದುರೆ ಅನ್ನೋದನ್ನ ಒಂದು ಹಾಳೆ ಮೇಲೆ ಬರ್ಕೊಳ್ಳಿ. ದೂರವನ್ನ ಫರ್ಲಾಂಗಲ್ಲಿ ಕೊಟ್ಟಿದ್ರೆ ಒಂದು ಫರ್ಲಾಂಗ್ ಅಂದ್ರೆ ಸುಮಾರು 201 ಮೀಟರ್, ಎಂಟು ಸೇರಿದ್ರೆ ಒಂದು ಮೈಲಿ. ಕೆಂಟಕಿ ಡರ್ಬಿ 10 ಫರ್ಲಾಂಗ್, ಬೆಲ್ಮಾಂಟ್ ಮಾಮೂಲಿಯಾಗಿ 12. ಈ ಎರಡು ಫರ್ಲಾಂಗ್ ವ್ಯತ್ಯಾಸದಲ್ಲೇ ಎಷ್ಟೋ ಒಳ್ಳೆ ಕುದುರೆಗಳ ಟ್ರಿಪಲ್ ಕ್ರೌನ್ ಕನಸು ಮುರಿದಿದೆ.

ಟೈಮ್ ನೋಡಿ, ಆದ್ರೆ ಬರೀ ಟೈಮ್ ನೋಡಬೇಡಿ

ಆ 13 ಕುದುರೆಗಳನ್ನೇ ತಗೊಳ್ಳಿ. ಡರ್ಬಿಯಲ್ಲಿ ಸೆಕ್ರೆಟೇರಿಯಟ್ 1973ರಲ್ಲಿ ತಗೊಂಡದ್ದು 1 ನಿಮಿಷ 59.4 ಸೆಕೆಂಡ್, ಅದು ಇವತ್ತಿಗೂ ದಾಖಲೆ. 2015ರ ಅಮೆರಿಕನ್ ಫರೋ 2 ನಿಮಿಷ 3.02. ವ್ಯತ್ಯಾಸ 3.6 ಸೆಕೆಂಡ್ ಹತ್ರ. ಅಮೆರಿಕದ ಹಳೇ ಲೆಕ್ಕದಲ್ಲಿ ಸೆಕೆಂಡಿಗೆ ಐದು ಲೆಂತ್ (ಒಂದು ಲೆಂತ್ ಅಂದ್ರೆ ಒಂದು ಕುದುರೆಯ ಉದ್ದ), ಅಂದ್ರೆ 18 ಲೆಂತ್ ಅಂತರ. ಇನ್ನು ಸೈಟೇಶನ್ 1948ರಲ್ಲಿ ತಗೊಂಡದ್ದು 2 ನಿಮಿಷ 5.4, ಇದೇ ಲೆಕ್ಕ ಹಿಡಿದ್ರೆ ಅದು ಸೆಕ್ರೆಟೇರಿಯಟ್‌ಗಿಂತ 30 ಲೆಂತ್ ಹಿಂದೆ ಇರಬೇಕು, ಅದನ್ನ ಪಟ್ಟಿಯಿಂದಲೇ ಹೊಡೆದು ಹಾಕಬೇಕು.

ಆದ್ರೆ ಸೈಟೇಶನ್ ಓಡಿದ್ದು ಕೆಸರಾದ ಟ್ರ್ಯಾಕಲ್ಲಿ. ಅದೇ ಕುದುರೆ ಆ ವರ್ಷ 20 ಓಟದಲ್ಲಿ 19 ಗೆದ್ದಿತ್ತು, ಸತತ 16 ಗೆಲುವಿನ ಸರಣಿ ಅದರ ಹೆಸರಲ್ಲಿದೆ. 2018ರಲ್ಲಿ ಜಸ್ಟಿಫೈ ಕೂಡ ಮಳೆಯಲ್ಲೇ ಗೆದ್ದದ್ದು, 2 ನಿಮಿಷ 4.2. ಹಾಗಾಗಿ ಟೈಮ್ ಪಕ್ಕದಲ್ಲಿ ಟ್ರ್ಯಾಕ್ ಹೇಗಿತ್ತು, ಅದೇ ದಿನ ಬೇರೆ ಓಟಗಳು ಎಷ್ಟು ನಿಧಾನವಾಗಿದ್ವು, ಯಾರ ವಿರುದ್ಧ ಓಡಿತ್ತು ಅಂತ ಬರೀದೆ ಇದ್ರೆ ಆ ಅಂಕಿ ದಾರಿ ತಪ್ಪಿಸತ್ತೆ. ಗೇಮಲ್ಲೂ ಹಾಗೇ, 1600 ಮೀಟರ್‌ನಲ್ಲಿ ಒಂದು ಕುದುರೆಯ ಬೆಸ್ಟ್ ಟೈಮ್ ನೋಡಿ ಮರುಳಾಗಬೇಡಿ, ಕೊನೇ ಐದಾರು ಓಟದ ಸರಾಸರಿ ನೋಡಿ, ಒಂದು ಸಲ ಮಿಂಚಿದ್ದು ಯಾವುದು, ಪ್ರತಿ ಸಲ ಅದೇ ಟೈಮ್ ಕೊಡ್ತಿರೋದು ಯಾವುದು ಅಂತ ಬೇರೆ ಮಾಡಿ.

ಇದೇ ಮುಖ್ಯ ಕೆಲಸ: ಮೊದಲ 400 ಮೀಟರ್ ಬರೀರಿ

ನಾನು ಇದಕ್ಕೆ ಬೇರೆಲ್ಲಾದಕ್ಕಿಂತ ಹೆಚ್ಚು ಟೈಮ್ ಕೊಡ್ತೀನಿ, ನೀವೂ ಕೊಡಿ. ಪ್ರತಿ ಕುದುರೆಯ ಹಿಂದಿನ ನಾಲ್ಕು ರೀಪ್ಲೇ ಹಾಕಿ, 400 ಮೀಟರ್ ಆದ ತಕ್ಷಣ ಪಾಜ್ ಮಾಡಿ, ಎಷ್ಟನೇ ಜಾಗದಲ್ಲಿದೆ ಅಂತ ಬರೀರಿ. ಆಮೇಲೆ 800ಕ್ಕೆ, ಆಮೇಲೆ ಕೊನೇ ತಿರುವಿಗೆ. ಒಂದು ಕುದುರೆಗೆ 2, 2, 1, 1 ಅಂತ ಬಂದ್ರೆ ಅದು ಮುಂದೆ ಹೋಗಿ ಓಡಿಸೋ ಜಾತಿ. 10, 11, 9, 10 ಬಂದು ಕೊನೇಲಿ ಮೂರನೇದಾಗ್ತಿದ್ರೆ ಅದು ಹಿಂದಿನಿಂದ ನುಗ್ಗೋ ಜಾತಿ. ಮಧ್ಯದವು ಮುಂದಿನವರ ಬೆನ್ನು ಹಿಡಿದು ಕಾಯೋವು.

ಈಗ ಎಲ್ಲಾನೂ ಒಂದೇ ಹಾಳೆ ಮೇಲೆ ಮೂರು ಸಾಲಾಗಿ ನಿಲ್ಲಿಸಿ ನೋಡಿ. ಮುಂದಿನ ಸಾಲಲ್ಲಿ ಒಂದೇ ಕುದುರೆ ಇದೆಯಾ? ಅದಕ್ಕೆ ತೊಂದರೆ ಕೊಡೋರು ಯಾರೂ ಇಲ್ಲ, ತನ್ನ ಲಯದಲ್ಲಿ ಹೋಗಿ ದಮ್ಮು ಉಳಿಸ್ಕೊಂಡು ಕೊನೇ ಸ್ಟ್ರೈಟಲ್ಲಿ ಜಾರಿ ಹೋಗತ್ತೆ, ರೇಟಿಂಗಲ್ಲಿ ನಾಲ್ಕನೇದಿದ್ರೂ ಅದನ್ನ ಮೇಲೆ ತಗೊಳ್ಳಿ. ಮುಂದಿನ ಸಾಲಲ್ಲಿ ನಾಲ್ಕೈದು ಇದ್ಯಾ? ಒಂದನ್ನೊಂದು ಬಿಡಲ್ಲ, ವೇಗ ಏರತ್ತೆ, ಕೊನೇ ಫರ್ಲಾಂಗಲ್ಲಿ ಎಲ್ಲಾ ಏದುಸಿರು ಬಿಡ್ತವೆ, ಹಿಂದೆ ಸುಮ್ಮನೆ ಬರ್ತಿದ್ದದಕ್ಕೆ ದಾರಿ ತೆರೆಯತ್ತೆ.

ಆ 2020ರ ಓಟದ ಪಟ್ಟಿಯನ್ನ ಹೀಗೆ ಜೋಡಿಸಿ ನೋಡಿ. ಸರ್ ಬಾರ್ಟನ್, ವಾರ್ ಅಡ್ಮಿರಲ್, ಕೌಂಟ್ ಫ್ಲೀಟ್, ಸಿಯಾಟಲ್ ಸ್ಲೂ, ಜಸ್ಟಿಫೈ, ಇವೆಲ್ಲಾ ಮುಂದೆ ಇದ್ದು ಗೆದ್ದ ಕುದುರೆಗಳು. ಸಿಯಾಟಲ್ ಸ್ಲೂ 1977ರ ಡರ್ಬಿಯಲ್ಲಿ ಗೇಟಿಂದ ಕೆಟ್ಟದಾಗಿ ಹೊರಟ್ರೂ ಗುಂಪು ಸೀಳ್ಕೊಂಡು ಮುಂದಕ್ಕೇ ಹೋಗಿತ್ತು, ಅದಕ್ಕೆ ಹಿಂದೆ ಕೂರೋ ಮನಸ್ಸೇ ಇಲ್ಲ. ಐದೂ ಒಟ್ಟಿಗೆ ಮುಂದಕ್ಕೆ ಎದ್ರೆ ಏನಾಗತ್ತೆ? ಹಿಂದೆ ಕಾಯೋವು ಯಾವುವು ಅಂತ ನೋಡಿದ್ರೆ ವರ್ಲವೇ ಇದೆ, ಡರ್ಬಿಯಲ್ಲಿ ಕೊನೇ ಸ್ಥಾನದಿಂದ ಶುರು ಮಾಡಿದ ಸೆಕ್ರೆಟೇರಿಯಟ್ ಇದೆ. 1973ರ ಆ ಡರ್ಬಿಯನ್ನ ಕಾಲು ಕಾಲು ಮೈಲಿಯ ಐದು ತುಂಡು ಮಾಡಿದ್ರೆ ಸೆಕ್ರೆಟೇರಿಯಟ್ ಒಂದೊಂದಕ್ಕೆ ತಗೊಂಡ ಸೆಕೆಂಡ್ ಹೀಗಿದೆ: 25.2, 24, 23.8, 23.4, 23. ಸಾಮಾನ್ಯವಾಗಿ ಕುದುರೆ ಕೊನೆಗೆ ಬಂದಂಗೆ ನಿಧಾನ ಆಗತ್ತೆ, ಇದು ಪ್ರತಿ ಕಾಲು ಮೈಲಿಗೂ ಇನ್ನೂ ಜೋರಾಗ್ತಾ ಹೋಗಿದೆ. ಈ ಐದು ಅಂಕಿ ಓದುವಾಗ ನನಗೆ ಇವತ್ತಿಗೂ ಮೈ ಜುಮ್ಮನ್ನತ್ತೆ. ಮುಂದೆ ಐದು ಕುದುರೆ ಕಿತ್ತಾಡೋ ಓಟಕ್ಕೆ ಇದಕ್ಕಿಂತ ಸರಿಹೊಂದೋ ಕುದುರೆ ಆ ಪಟ್ಟಿಯಲ್ಲಿ ಇರಲಿಲ್ಲ, ಫೇವರಿಟ್ ಅಂತ ಬರೆಯೋದಾದ್ರೆ ಕಾರಣ ಇದನ್ನೇ ಬರೀಬೇಕು, ದೊಡ್ಡ ಹೆಸರು ಅನ್ನೋದನ್ನಲ್ಲ.

ಗೇಟ್ ನಂಬರ್‌ನ ಎಷ್ಟು ನಂಬಬೇಕು

ಅರ್ಧ ವೃತ್ತದ ತಿರುವಲ್ಲಿ ಒಂದು ಮೀಟರ್ ಹೊರಗೆ ಓಡಿದ್ರೆ ಸುಮಾರು 3.14 ಮೀಟರ್ ಹೆಚ್ಚು ದೂರ ಆಗತ್ತೆ, ಒಂದು ಲೆಂತ್ ಅಂದ್ರೆ ಸುಮಾರು 2.4 ಮೀಟರ್, ಅಂದ್ರೆ ಒಂದು ಲೆಂತ್‌ಗಿಂತ ಜಾಸ್ತಿ ಅಲ್ಲೇ ಹೋಯ್ತು. ನಿಜವಾದ ಮೈದಾನದಲ್ಲಿ ಇದು ಖಂಡಿತ, ಆದ್ರೆ ನಿಮ್ಮ ಗೇಮಿನ ಪ್ರೋಗ್ರಾಮ್ ಇದನ್ನ ಲೆಕ್ಕಕ್ಕೆ ತಗೊಳ್ಳತ್ತಾ ಅನ್ನೋದು ಬೇರೆ ಪ್ರಶ್ನೆ. ಪರೀಕ್ಷೆ ಮಾಡಿ. ಅದೇ ದೂರದ ಹಳೇ ಫಲಿತಾಂಶ ತೆಗೆದು ಯಾವ ಗೇಟಿಂದ ಎಷ್ಟು ಗೆಲುವು ಅಂತ ಎಣಿಸಿ. 12 ಗೇಟಿನ 50 ಓಟ ನೋಡಿದ್ರೆ ಒಂದು ಗೇಟಿಗೆ ನಾಲ್ಕರ ಹತ್ರ ಬರಬೇಕು, 12ನೇ ಗೇಟಿಗೆ ಒಂದೇ ಬಂದಿದ್ರೂ ಅದು ಬರೀ ಆಕಸ್ಮಿಕ ಇರಬಹುದು. 300 ಓಟ ನೋಡಿ 25 ಬರೋ ಕಡೆ 10 ಬಂದಿದ್ರೆ ಆಗ ಆ ಗೇಟಿಗೆ ತೊಂದರೆ ಇದೆ ಅಂತ ಧೈರ್ಯವಾಗಿ ಬರೀರಿ.

ದಮ್ಮು ಸಾಬೀತಾಗಿದೆಯಾ?

ಒಂದು ಸಲ ಗೇಮ್ ಲೀಗಿನ 2400 ಮೀಟರ್ ಸ್ಟೇಕ್ಸ್‌ಗೆ ಪ್ರಿವ್ಯೂ ಬರೆದಿದ್ದೆ. ಒಂದು ಹೆಣ್ಣು ಕುದುರೆ 1800ರ ತನಕ ಯಾರನ್ನೂ ಹತ್ರಕ್ಕೆ ಬಿಟ್ಟಿರಲಿಲ್ಲ, ಅದಕ್ಕಿಂತ ದೂರ ಓಡೇ ಇರಲಿಲ್ಲ, ನಾನು ಆ ಸಾಲನ್ನ ಬರೀದೆ ಇದೇ ಗೆಲ್ಲತ್ತೆ ಅಂತ ಬರೆದೆ. ಕೊನೇ 200 ಮೀಟರ್ ಬರೋವರೆಗೂ ಮೂರು ಲೆಂತ್ ಮುಂದಿತ್ತು, ಆಮೇಲೆ ಕಾಲು ನಿಂತ ಹಾಗಾಗಿ ಐದನೇದಾಗಿ ಬಂತು. ಅದರ ಮಾಲೀಕ ಬಂದು ನೀವು ಬರೆದದ್ದನ್ನ ನೋಡಿ ಬೇರೆ ಓಟ ಬಿಟ್ಟು ಇದಕ್ಕೆ ಹಾಕಿದೆ ಅಂದಾಗ ನನಗೆ ನಿಜವಾಗ್ಲೂ ಬೇಜಾರಾಯ್ತು. ಅವತ್ತಿಂದ ಪ್ರತಿ ಕುದುರೆಯ ಮುಂದೆ ಈ ದೂರ ಓಡಿದೆ ಅಥವಾ ಓಡಿಲ್ಲ ಅಂತ ಒಂದು ಕಾಲಮ್ ಇಟ್ಕೊಂಡಿದೀನಿ.

ಅದರ ಉಲ್ಟಾ ಉದಾಹರಣೆ 2020ರ ಏಪ್ರಿಲ್ 4ರ ವರ್ಚುವಲ್ ಗ್ರ್ಯಾಂಡ್ ನ್ಯಾಷನಲ್, ಅಂದ್ರೆ ಬ್ರಿಟನ್ನಿನ ಬೇಲಿ ಹಾರೋ ಉದ್ದದ ಓಟದ ಕಂಪ್ಯೂಟರ್ ರೂಪ. ನಿಜವಾದ ಓಟ ರದ್ದಾಗಿ ಬ್ರಿಟನ್ನಿನ ಟೀವಿಯಲ್ಲಿ 40 ಕುದುರೆಗಳ ಸಿಮ್ಯುಲೇಶನ್ ತೋರಿಸಿದ್ರು. 2018, 2019 ಎರಡೂ ವರ್ಷ ಗೆದ್ದಿದ್ದ ಟೈಗರ್ ರೋಲ್ ಮೇಲೆ ಎಲ್ಲರ ಕಣ್ಣಿತ್ತು, ಗೆದ್ದದ್ದು ಪಾಟರ್ಸ್ ಕಾರ್ನರ್, 18ಕ್ಕೆ 1ರ ದರದಲ್ಲಿ. ಆದ್ರೆ ಆ ಕುದುರೆ ಎಲ್ಲಿಂದಲೋ ಉದುರಿದ್ದಲ್ಲ, ಹಿಂದಿನ ಡಿಸೆಂಬರಲ್ಲಷ್ಟೇ ವೆಲ್ಷ್ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತ್ತು, ಅದೂ ಮೂರೂವರೆ ಮೈಲಿಗಿಂತ ಜಾಸ್ತಿ ದೂರದ್ದು. ನಾಲ್ಕು ಮೈಲಿ ದಾಟೋ ಓಟಕ್ಕೆ ದಮ್ಮಿರೋ ಕುದುರೆ ಅಂತ ಕಾಗದದ ಮೇಲೇ ಇತ್ತು, ಗಮನ ಇಟ್ಟು ಓದಿದವರಿಗೆ ಕಾಣ್ತಿತ್ತು.

ಕೊನೆಗೆ ಅಂಕಿ ಕೊಡಿ

ಗೆಲ್ಲೋ ಚಾನ್ಸ್ ಇದೆ, ಕಡೆಗಣಿಸೋ ಹಾಗಿಲ್ಲ, ಇಂಥ ಮಾತು ಎಲ್ಲಾ ಕುದುರೆಗೂ ಹೊಂದತ್ತೆ, ಅದರಿಂದ ಓದೋರಿಗೆ ಏನೂ ಸಿಗಲ್ಲ. ಶೇಕಡಾ ಬರೀರಿ, ಒಟ್ಟು ಸೇರಿಸಿದ್ರೆ 100 ಆಗಬೇಕು. 12 ಕುದುರೆ ಇದ್ರೆ ಫೇವರಿಟ್‌ಗೆ 24, ಆಮೇಲಿನ ಮೂರಕ್ಕೆ 17, 13, 11 ಕೊಟ್ರಿ ಅಂತಿಟ್ಕೊಳ್ಳಿ, ಅಲ್ಲಿಗೆ 65 ಆಯ್ತು, ಉಳಿದ ಎಂಟು ಕುದುರೆಗೆ 35 ಹಂಚಬೇಕು. ಹಂಚುವಾಗಲೇ ಗೊತ್ತಾಗತ್ತೆ ನೀವು ಯಾರನ್ನ ಸುಮ್ಮನೆ ಹೊಗಳಿದ್ರಿ ಅಂತ. 24 ಅಂದ್ರೆ ನಾಲ್ಕರಲ್ಲಿ ಮೂರು ಸಲ ನಿಮ್ಮ ಫೇವರಿಟ್ ಸೋಲತ್ತೆ, ಅದನ್ನ ಓದೋರಿಗೆ ನೇರವಾಗಿ ಹೇಳಿ. 18ಕ್ಕೆ 1 ಅಂದ್ರೆ 19ರಲ್ಲಿ ಒಂದು ಪಾಲು, ಶೇಕಡಾ 5ಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಪಾಟರ್ಸ್ ಕಾರ್ನರ್ ಗೆದ್ದದ್ದು ಪವಾಡ ಏನಲ್ಲ.

ಬರೆಯೋಕೆ ಕೂತಾಗ ಕುದುರೆ ನಂಬರ್ ಕ್ರಮದಲ್ಲಿ ಬರೀಬೇಡಿ. ಗೇಟ್ ತೆರೆಯೋದ್ರಿಂದ ಶುರು ಮಾಡಿ, ಮುಂದೆ ಹೋಗೋರನ್ನ ಮೊದಲು, ಬೆನ್ನು ಹಿಡಿಯೋರನ್ನ ಆಮೇಲೆ, ಹಿಂದಿನಿಂದ ಬರೋರನ್ನ ಕೊನೆಗೆ, ಅವು ಓಡೋ ಕ್ರಮದಲ್ಲೇ ಪರಿಚಯ ಮಾಡಿ. ಹನ್ನೆರಡಕ್ಕೂ ಸಮ ಜಾಗ ಕೊಡಬೇಕಿಲ್ಲ, ಓಟ ತಿರುಗಿಸೋ ನಾಲ್ಕಕ್ಕೆ ಪ್ಯಾರಾ ಕೊಡಿ, ಉಳಿದವಕ್ಕೆ ಒಂದು ಸಾಲು ಸಾಕು. ಕಡೇ ಸಾಲಲ್ಲಿ ನಿಮ್ಮ ಲೆಕ್ಕ ಯಾವಾಗ ತಪ್ಪತ್ತೆ ಅಂತ ಬರೀರಿ: 3ನೇ ನಂಬರ್ ಮೊದಲ 400 ಮೀಟರ್ ಒಬ್ಬಂಟಿಯಾಗಿ ಮುಂದೆ ಹೋದ್ರೆ ನಾನು ಬರೆದದ್ದೆಲ್ಲಾ ತಪ್ಪು, ಹೀಗೆ. ಓಟ ಮುಗಿದ ರಾತ್ರಿ ರೀಪ್ಲೇ ಹಾಕಿ ಆ 400 ಮೀಟರ್ ಹತ್ರ ಪಾಜ್ ಮಾಡಿ, ನಿಮ್ಮ ಹಾಳೆ ಪಕ್ಕ ಇಟ್ಕೊಂಡು ನೋಡಿ.