ಬ್ಯಾಟರಿಯದ್ದಲ್ಲ, ಅರ್ತ್ ಪಟ್ಟಿಯ ತಪ್ಪು

ನಮ್ಮ ಹಳೇ ಲಾರಿಯನ್ನು ದಿನಾ ಬೆಳಿಗ್ಗೆ ತಳ್ಳಿಯೇ ಸ್ಟಾರ್ಟ್ ಮಾಡಬೇಕಿತ್ತು. ಎರಡು 12 ವೋಲ್ಟ್ ಬ್ಯಾಟರಿ, ಸೀರೀಸ್‌ನಲ್ಲಿ 24. ಎರಡನ್ನೂ ಹೊಸದು ಹಾಕಿಸಿದ್ದೆ, ದುಡ್ಡು ದಂಡ. ಕೊನೆಗೆ ಮಲ್ಟಿಮೀಟರ್ ಹಿಡಿದೆ.

ಇಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ ಅಳೆದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ 28.1 ವೋಲ್ಟ್, ಬ್ಯಾಟರಿಯಲ್ಲಿ ಬರೀ 25.7. ಅಂದರೆ ದಾರಿಯಲ್ಲೇ ವೋಲ್ಟೇಜ್ ಕುಸಿತ! ಪಾಸಿಟಿವ್ ವೈರಿನ ಎರಡು ತುದಿಗಳ ನಡುವೆ 0.2, ಪರವಾಗಿಲ್ಲ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ 2.2. ಕಳ್ಳ ಸಿಕ್ಕ. ಇಂಜಿನ್‌ನಿಂದ ಚಾಸಿಗೆ ಹೋಗುವ, ಕರೆಂಟ್ ವಾಪಸ್ಸಾಗುವ ದಾರಿಯಾದ ಅರ್ತ್ ಪಟ್ಟಿ ಹಸಿರುಗಟ್ಟಿ, ಅರ್ಧ ಎಳೆ ತುಂಡಾಗಿತ್ತು.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿದೆ. ಬೋಲ್ಟ್ ಜಾಗವನ್ನು ಮರಳು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಈಗ ಬ್ಯಾಟರಿಯಲ್ಲೇ 27.8.

ಅಂದಹಾಗೆ, ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷಿಸಲು ಯಾರಾದರೂ ಹೇಳಿದರೆ ಕೇಳಬೇಡಿ. ವೋಲ್ಟೇಜ್ ಜಿಗಿದು ಆಲ್ಟರ್ನೇಟರ್ ಡಯೋಡ್ ಸುಟ್ಟೀತು.