ಮಾತ್ರೆ ಕೆಲಸ ಮಾಡಿದ ಮೇಲೂ ಬಾರದ ಮಾತು

ನಾನು ಹಾಸನದಲ್ಲಿ ವಾಕ್ ಮತ್ತು ಭಾಷಾ ಚಿಕಿತ್ಸಕಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮಾತು ತಡವಾದ ಮಕ್ಕಳು, ತೊದಲುವವರು, ಲಕ್ವ ಹೊಡೆದವರು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗೂ ಈ ಚಿಕಿತ್ಸೆ ನೆರವಾಗಬಲ್ಲದು ಎಂಬುದು ಇಲ್ಲಿನ ಅನೇಕ ಕುಟುಂಬಗಳಿಗೆ ತಿಳಿದಿಲ್ಲ. ಹೇಗೋ ಹುಡುಕಿಕೊಂಡು ಬಂದವರು ಹೇಳುವುದು ಬಹುಮಟ್ಟಿಗೆ ಒಂದೇ: "ಮಾತ್ರೆ ತಪ್ಪಿಸುವುದಿಲ್ಲ, ಗಲಾಟೆ ನಿಂತಿದೆ, ನಿದ್ದೆಯೂ ಬರುತ್ತಿದೆ. ಆದರೆ ಮಾತೇ ಆಡುವುದಿಲ್ಲ. ಸೋಮಾರಿತನವೋ ಹಟವೋ ಗೊತ್ತಾಗುತ್ತಿಲ್ಲ."

ಎರಡೂ ಅಲ್ಲ. ಇಲ್ಲದ ದನಿಗಳು ಕೇಳಿಸುವುದನ್ನು, ವಿಪರೀತ ಅನುಮಾನಗಳನ್ನು ಔಷಧ ತಗ್ಗಿಸುತ್ತದೆ. ಮಾತು ಬತ್ತುವುದು, ಮುಖಭಾವ ಮಂಕಾಗುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಅದೇ ಕಾಯಿಲೆಯ ಇನ್ನೊಂದು ಮುಖ. ಅದಕ್ಕೆ ಔಷಧ ಅಷ್ಟಾಗಿ ನಾಟುವುದಿಲ್ಲ. ನನ್ನ ಕೆಲಸ ಇರುವುದು ಅಲ್ಲಿ.

ಮೊದಲು ಬಾಯಿಯನ್ನೂ ಮಾತ್ರೆಗಳ ಚೀಟಿಯನ್ನೂ ನೋಡುತ್ತೇನೆ. ಕೈಕಾಲಿನ ಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ. ಕ್ಲೋಜಪಿನ್ ತೆಗೆದುಕೊಳ್ಳುವ ಹಲವರಿಗೆ ಇದರ ತದ್ವಿರುದ್ಧ: ಜೊಲ್ಲು ಸುರಿದು ದಿಂಬು ಒದ್ದೆ, ನಾಲ್ಕು ಜನರೆದುರು ಬಾಯಿ ತೆರೆಯಲು ಸಂಕೋಚ. ಹಾಲೊಪೆರಿಡಾಲ್‌ನಂತಹವು ನಾಲಿಗೆಯನ್ನು ಬಿಗಿಯಾಗಿಸಬಲ್ಲವು. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ತುಟಿ, ನಾಲಿಗೆ, ದವಡೆ ತಾವಾಗಿಯೇ ಆಡತೊಡಗುತ್ತವೆ. ಕಂಡದ್ದನ್ನೆಲ್ಲ ಬರೆದು ಮನೋವೈದ್ಯರಿಗೆ ಪತ್ರ ಕೊಡುತ್ತೇನೆ. ಮಾತ್ರೆ ಬದಲಿಸುವ ನಿರ್ಧಾರ ಅವರದು. ನೀವಾಗಿಯೇ ನಿಲ್ಲಿಸಬೇಡಿ ಎಂದು ಮನೆಯವರಿಗೆ ಪ್ರತಿ ಸಲವೂ ಹೇಳುತ್ತೇನೆ.

ಮಾತಿನ ಪರೀಕ್ಷೆಗೆ ದೊಡ್ಡವರ ಮುಂದೆ ಮಕ್ಕಳ ಚಿತ್ರಪುಸ್ತಕ ಇಡುವುದು ನನಗೆ ಸರಿಕಾಣುವುದಿಲ್ಲ. ಅವರ ಕೈಗೆ ಗೊತ್ತಿರುವ ಕೆಲಸವನ್ನೇ ಹೇಳಿಸುತ್ತೇನೆ. ಅರಕಲಗೂಡು ಕಡೆಯವರಾದರೆ ಬ್ಯಾರನ್‌ನಲ್ಲಿ, ಅಂದರೆ ಬಿಸಿ ಹಾಯಿಸುವ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸುವುದು, ಸಕಲೇಶಪುರದವರಾದರೆ ಕಾಫಿ ಹಣ್ಣು ಕುಯ್ದು ಕಣದಲ್ಲಿ ಒಣಗಿಸುವವರೆಗಿನ ಕೆಲಸ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ದಾರಿ ತಪ್ಪುತ್ತಾರೆ ಎಂಬುದು ಅಷ್ಟರಲ್ಲೇ ಕಾಣುತ್ತದೆ. ಇನ್ನೊಂದು ತೊಡಕನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಡೆಯುತ್ತದೆ. "ಬಂದ, ಬೈದ, ಹೋದ" ಎಂದಾಗ ಬಂದವನು ಅಣ್ಣನೋ ಮೇಸ್ತ್ರಿಯೋ ಎಂದು ಕೇಳುವವರಿಗೆ ಹೊಳೆಯದಿದ್ದರೆ, ಹೇಳುವವರು ಅದನ್ನು ಗಮನಿಸಿ ಸರಿಪಡಿಸುತ್ತಾರೆ. ಆಲೋಚನೆಯ ಎಳೆ ಸಡಿಲವಾದವರಿಗೆ ಆ ಗಮನವೇ ಕಷ್ಟ. ಆದ್ದರಿಂದ ಹೊಸಬರು ಮಾತಿನೊಳಗೆ ಬಂದಾಗಲೆಲ್ಲ ಹೆಸರು ಹೇಳುವುದನ್ನು ಅಭ್ಯಾಸ ಮಾಡಿಸುತ್ತೇನೆ. ನಾನು "ಯಾರು?" ಎಂದಷ್ಟೇ ಕೇಳುತ್ತೇನೆ, ಬುದ್ಧಿ ಹೇಳುವುದಿಲ್ಲ.

ಸಕಲೇಶಪುರ ಕಡೆಯ ತೋಟವೊಂದರಲ್ಲಿ ಕೆಲಸ ಮಾಡುವ ಒಬ್ಬ ಯುವಕನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಯಾರೊಂದಿಗೆ ಮಾತಾಡಬೇಕು ಎನಿಸುತ್ತದೆ ಎಂದು ಕೇಳಿದಾಗ ಬಹಳ ಹೊತ್ತಿನ ಮೇಲೆ "ರೈಟರ್ ಹತ್ತಿರ" ಎಂದ. ಹಾಜರಿ ಬರೆಯುವ ರೈಟರ್ ಬಳಿ ಅವನ ಪರವಾಗಿ ಯಾವಾಗಲೂ ತಾಯಿಯೇ ಮಾತಾಡುತ್ತಿದ್ದರು. ದುಡಿಮೆ ಅವನದು, ಅದರ ಲೆಕ್ಕ ಕೇಳುವ ಬಾಯಿ ಇನ್ನೊಬ್ಬರದು. ನನಗೆ ಅಷ್ಟು ಸಾಕಿತ್ತು, ಚಿಕಿತ್ಸೆಯ ಗುರಿ ಸಿಕ್ಕಿತು.

ಒಮ್ಮೆ ನಾನು ರೈಟರ್ ಆದೆ, ಇನ್ನೊಮ್ಮೆ ಅವನೇ ರೈಟರ್ ಆದ. ಹೆಸರು ಹೇಳುವುದು, "ಈ ವಾರ ನನ್ನ ಹಾಜರಿ ಎಷ್ಟು?" ಎಂದು ಕೇಳುವುದು, ಬಂದ ಉತ್ತರವನ್ನು ಒಮ್ಮೆ ತಿರುಗಿ ಹೇಳುವುದು. ಮೊದಲು ಶಾಂತವಾದ ಕೋಣೆಯಲ್ಲಿ, ಆಮೇಲೆ ಬಾಗಿಲು ತೆರೆದಿಟ್ಟು, ಆಮೇಲೆ ಜನರಿರುವ ಹೊರಗಿನ ಪಡಸಾಲೆಯಲ್ಲಿ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ವಾಕ್ಯ "ಸ್ವಲ್ಪ ತಡೆಯಿರಿ, ಹೇಳುತ್ತೇನೆ." ಮಾತು ಹೊರಡುವವರೆಗೆ ಎದುರಿನವರನ್ನು ಅದು ನಿಲ್ಲಿಸಿಕೊಳ್ಳುತ್ತದೆ. ಅದೂ ಬಾರದ ದಿನಕ್ಕೆಂದು ಜೇಬಿನಲ್ಲಿ ಒಂದು ಚೀಟಿ.

ತಾಯಿಗೂ ಅಷ್ಟೇ ಅಭ್ಯಾಸ ಬೇಕಾಯಿತು. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಅಲ್ಲಿಯವರೆಗೆ ಇನ್ನೊಂದು ಪ್ರಶ್ನೆ ಹಾಕಬೇಡಿ ಎಂದೆ. ಮಗನ ಮೌನದಲ್ಲಿ ವರ್ಷಗಟ್ಟಲೆ ನೊಂದ ಹೆಂಗಸಿಗೆ ಆ ಹತ್ತು ಎಣಿಕೆ ಎಷ್ಟು ಕಷ್ಟ ಎಂಬುದನ್ನು ಎದುರೇ ಕೂತು ನೋಡಿದ್ದೇನೆ. ಅವರ ಬಗ್ಗೆ ನನಗೆ ಅಪಾರ ಗೌರವ. ಪ್ರಶ್ನೆಗಳನ್ನೂ ಬದಲಿಸಿದೆವು. "ಊಟ ಆಯಿತಾ?" ಎಂದರೆ "ಹೂಂ" ಎಂಬಲ್ಲಿಗೆ ಮುಗಿಯುತ್ತದೆ. "ಮುದ್ದೆಗೆ ಉಪ್ಸಾರೋ ಬಸ್ಸಾರೋ?" ಎಂದರೆ ಒಂದು ಪದವಾದರೂ ಬರುತ್ತದೆ, ಅದರ ಹಿಂದೆ ಕೆಲವೊಮ್ಮೆ ಇನ್ನೊಂದು. ಈಗ ಬಟವಾಡೆಯ ದಿನ ಅವನೇ ಲೆಕ್ಕ ಕೇಳುತ್ತಾನೆ. ಕಾಯಿಲೆ ಬಿಗಡಾಯಿಸಿದ ವಾರಗಳಲ್ಲಿ ಕೇಳುವುದಿಲ್ಲ, ಆಗ ತಾಯಿ ಹೋಗುತ್ತಾರೆ. ಸುಧಾರಿಸಿದ ಮೇಲೆ ಮತ್ತೆ ಚಿಕ್ಕ ವಾಕ್ಯದಿಂದ ಶುರು ಮಾಡುತ್ತೇವೆ.

ಮುದ್ದೆಯ ಮಾತು ಬಂದದ್ದರಿಂದ ನುಂಗುವುದರ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಅದೂ ನಮ್ಮ ಕೆಲಸದ ಭಾಗ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಗಂಟಲಿಗೆ ಆಹಾರ ಸಿಕ್ಕಿಕೊಳ್ಳುವ ಅಪಾಯ ಉಳಿದವರಿಗಿಂತ ಹೆಚ್ಚು: ಕೆಲವರು ಅವಸರದಲ್ಲಿ ತಿನ್ನುತ್ತಾರೆ, ಕೆಲವು ಔಷಧಗಳು ನುಂಗುವ ಸ್ನಾಯುಗಳನ್ನು ನಿಧಾನವಾಗಿಸುತ್ತವೆ, ಬಾಯಲ್ಲಿ ಪಸೆ ಇರುವುದಿಲ್ಲ. ಮುದ್ದೆಯನ್ನು ನಾವು ಅಗಿಯದೆ ನುಂಗುವವರು. ಊಟದ ನಡುವೆ ಕೆಮ್ಮು, ಉಂಡ ಮೇಲೆ ದನಿಯಲ್ಲಿ ಗೊರಗೊರ, ಮತ್ತೆ ಮತ್ತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕೂಡಲೇ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಚೆನ್ನಾಗಿ ಎಚ್ಚರವಿರುವಾಗ ಮಾತ್ರ, ಚಿಕ್ಕ ಚಿಕ್ಕ ತುತ್ತು ಕೊಡಿ, ಒಬ್ಬರು ಪಕ್ಕದಲ್ಲಿರಿ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಆರಂಭವಾಯಿತು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಚಿಕಿತ್ಸೆಯ ವಿಭಾಗವೇ ಇದೆ. ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರಿಗೆ ಸ್ಥಾನವಿದೆ. ವಾಕ್ ಚಿಕಿತ್ಸಕರಿಗೆ ಇಲ್ಲ. ಮಕ್ಕಳಿಗಾಗಿ ಇರುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ನಮ್ಮ ಹುದ್ದೆಗೆ ಅವಕಾಶ ಕೊಟ್ಟಿದ್ದಾರೆ. ದೊಡ್ಡವರ ಕಾಯಿಲೆಗೂ ಮಾತು ಬೇಕು ಎಂಬುದನ್ನು ಆರೋಗ್ಯ ಇಲಾಖೆ ಒಪ್ಪಿಕೊಳ್ಳಲಿ ಎಂಬುದು ನನ್ನ ಗಟ್ಟಿಯಾದ ಬೇಡಿಕೆ.

ವಾಕ್ ಚಿಕಿತ್ಸಕರಲ್ಲಿಗೆ ಹೋಗುವವರು ಮನೋವೈದ್ಯರ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇದೆಯೇ ಎಂದು ಕೇಳಿ. ಯಾರನ್ನು ನೋಡಬೇಕೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮತ್ತು ಒಳಗೆ ಕೂತಾಗ ಮೊದಲ ಪ್ರಶ್ನೆಯ ಉತ್ತರವನ್ನು ಚಿಕಿತ್ಸೆಗೆ ಬಂದವರೇ ಹೇಳಲು ಬಿಡಿ.