‘ಯಾಕೆ’ ಬಿಟ್ಟೆ, ರಿಜೆಕ್ಷನ್ ಇಳಿಯಿತು

"ಪ್ರಶ್ನೆ ಕೇಳಾಕ ಸಾಲಿ ಐತ್ರಿ. ಇಲ್ಲಿ ಜಾಬ್ ಹೊರಗ ಬರ್ಬೇಕು" ಅಂತ, ಹುಡುಗರಿಗೆ ಉತ್ತರ ಹೇಳದೆ ಪ್ರಶ್ನೆ ಕೇಳಿ ಕಲಿಸುತ್ತೇನೆ ಅಂದಾಗ ಮಾಲೀಕರು ನಕ್ಕಿದ್ದರು. ಈಗ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿಗೆ ಪಕ್ಕದವರನ್ನು ಅವರೇ ಕರೆತಂದು ತೋರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್ ನಡೆಸುವ ಕಟಿಂಗ್ ಮಷಿನ್ ಸಜ್ಜು ಮಾಡುವವನು. ಅದರಲ್ಲಿ ತಯಾರಾಗುವ ಭಾಗಕ್ಕೆ ಜಾಬ್ ಅನ್ನುತ್ತೇವೆ, ಅಳತೆ ತಪ್ಪಿ ಕೆಟ್ಟರೆ ರಿಜೆಕ್ಷನ್. ಕೈಕೆಳಗೆ ನಾಲ್ಕು ಐಟಿಐ ಹುಡುಗರು. ಮೊದಲು ನಾನು ಕಲಿಸುತ್ತಿದ್ದದ್ದೂ ಎಲ್ಲರ ಹಾಗೆಯೇ: ಸರಿ ಆಚೆ, ನಾನೇ ಆಫ್‌ಸೆಟ್ (ಟೂಲ್ ನಿಲ್ಲುವ ಅಳತೆ) ತಿದ್ದುತ್ತೇನೆ, ನೋಡ್ಕೋ. ಹುಡುಗ ತಲೆಯಾಡಿಸುತ್ತಿದ್ದ. ಮರುದಿನ ಅದೇ ತಪ್ಪು.

ಆಮೇಲೆ ಪ್ರಶ್ನೆ ಕೇಳಿ ಕಲಿಸುವ ಗ್ರೋ (GROW) ಪದ್ಧತಿ ಹಿಡಿದೆ: ಗುರಿ, ಈಗಿನ ಸ್ಥಿತಿ, ದಾರಿಗಳು, ಮುಂದೆ ಏನು ಮಾಡ್ತಿ. ಅದನ್ನು ಫಾರ್ಮ್ ಮಾಡಿಸಿ, ಅರ್ಧರ್ಧ ತಾಸು ಕೂರಿಸಿ ಬರೆಸಿದೆ. ಮೂರು ವಾರಕ್ಕೆ ಫಾರ್ಮುಗಳು ಕೈಯ ಎಣ್ಣೆ ಒರೆಸಲು ಹೋದವು. ಆಮೇಲಿನ ಎಡವಟ್ಟು ದುಬಾರಿ. ಮಷಿನ್ ಓಡುತ್ತಿರುವಾಗಲೇ "ಟೂಲ್ ಈಗ ಎಲ್ಲಿ ಹೋಗ್ತೈತಿ?" ಅಂತ ಕೇಳಿದೆ. ಹುಡುಗ ಯೋಚಿಸುವಷ್ಟರಲ್ಲಿ ಟೂಲ್ ಹೋಗಿ ಜಾಬ್ ಹಿಡಿಯುವ ಚಕ್‌ಗೆ ಬಡಿಯಿತು. ಹೋಲ್ಡರ್, ಟರೆಟ್ ಅಲೈನ್‌ಮೆಂಟ್ ಸೇರಿ 18 ಸಾವಿರದ ಆಸುಪಾಸು. ಅಂದಿನಿಂದ ಮಷಿನ್ ಓಡುವಾಗ ಹುಕುಂ, ನಿಂತ ಮೇಲೆ ಪ್ರಶ್ನೆ.

ಆದರೂ ಹುಡುಗರು ಬಾಯಿ ಬಿಡಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ನಾಚಿಕೆ ಆಯಿತು. ಹತ್ತು ನಿಮಿಷದಲ್ಲಿ ಎಂಟು ನನ್ನದೇ ಮಾತು, ಮಾತು ಮಾತಿಗೂ "ಯಾಕ ಹಿಂಗ ಮಾಡ್ದಿ?" ನಮ್ಮ ಕಡೆ ಅದು ಪ್ರಶ್ನೆ ಅಲ್ಲ, ಬೈಗುಳ. ‘ಯಾಕೆ’ ಬಿಟ್ಟೆ. "ಏನ್ ಕಂಡಿ?" ಶುರು ಮಾಡಿದೆ. ಒಬ್ಬನಿಗೆ ಮರಾಠಿಯಲ್ಲಿ ಕೇಳಿದೆ. ಅಲ್ಲಿಯವರೆಗೆ ಬರೀ "ಹೂನ್ರಿ" ಅನ್ನುತ್ತಿದ್ದವನು ಗಂಟೆಗಟ್ಟಲೆ ಮಾತಾಡಿದ!

ಒಂದು ಸಲ 50 ಎಂಎಂ ವ್ಯಾಸದ ಶಾಫ್ಟ್, h6 ಫಿಟ್ (ಅಳತೆಯ ಬಿಗಿ ದರ್ಜೆ). ಟಾಲರೆನ್ಸೇ, ಅಂದರೆ ಅಳತೆಯಲ್ಲಿ ಬಿಡುವ ವ್ಯತ್ಯಾಸವೇ, 16 ಮೈಕ್ರಾನ್ (ಮೈಕ್ರಾನ್ ಅಂದರೆ ಎಂಎಂನ ಸಾವಿರದ ಒಂದು ಭಾಗ). ಹುಡುಗ ಅಳೆದಾಗ ಬರೋಬ್ಬರಿ, ಬೆಳಿಗ್ಗೆ ಇನ್ಸ್‌ಪೆಕ್ಷನ್‌ನಲ್ಲಿ ಸಣ್ಣದು. ಕಾರಣ ನನಗೆ ಗೊತ್ತು, ನಾಲಿಗೆ ಕಚ್ಚಿಕೊಂಡೆ.

"ನೀ ಅಳೆದಾಗ ಜಾಬ್ ಹೆಂಗಿತ್ತು?"

"ಬಿಸಿ ಇತ್ರಿ."

ಸುಮ್ನೆ ನಿಂತೆ. ಸ್ವಲ್ಪ ಹೊತ್ತಿಗೆ ಅವನೇ, "ಸರ್, ಬಿಸಿ ಇದ್ದಾಗ ಉಬ್ಬಿರ್ತೈತ್ರಿ!"

20 ಡಿಗ್ರಿ ಜಾಸ್ತಿ ಬಿಸಿಯಾದರೆ ಆ ಸೈಜಿನ ಸ್ಟೀಲ್ 11-12 ಮೈಕ್ರಾನ್ ಉಬ್ಬುತ್ತದೆ. ನಾನೇ ಹೇಳಿದ್ದರೆ ಹತ್ತು ಸೆಕೆಂಡ್. ಹೀಗೆ ಏಳು ನಿಮಿಷ ಹಿಡಿಯಿತು. ಆದರೆ ಉಳಿದ ಮೂವರಿಗೆ ನಾನು ಹೇಳುವ ಪ್ರಸಂಗವೇ ಬರಲಿಲ್ಲ, ಅವನೇ ಹೇಳಿಕೊಟ್ಟ.

ನಡುವೆ ಇನ್ನೊಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. ವಾರವಿಡೀ ರಿಜೆಕ್ಷನ್ ಇಲ್ಲದಿದ್ದರೆ ಅರ್ಧ ಕಿಲೋ ಕುಂದಾ ಅಂದೆ. ಎರಡು ವಾರ ಕುಂದಾ ಕೊಡಿಸಿದೆ. ಮೂರನೇ ವಾರ ಲೋಹದ ಚೂರು ತುಂಬುವ ಚಿಪ್ ಟ್ರಾಲಿ ಖಾಲಿ ಮಾಡಿದರೆ ತಳದಲ್ಲಿ ಒಂಬತ್ತು ಕೆಟ್ಟ ಶಾಫ್ಟ್ ಸಿಕ್ಕವು. ಈಗ ಕುಂದಾ ಎಲ್ಲರಿಗೂ, ಹಬ್ಬಕ್ಕೆ ಮಾತ್ರ.

ಶನಿವಾರ ಶಿಫ್ಟ್ ಮುಗಿಯುವಾಗ ಒಂದು ಪ್ರಶ್ನೆ ಕೇಳುತ್ತೇನೆ. ಅರ್ಧ ಕೆಲಸ ಅದೇ ಮಾಡುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಚಹಾ ಕುಡಿಸಿ.

ಎಂಟು ತಿಂಗಳಾಯಿತು. ನೂರಕ್ಕೆ 7-8 ಇದ್ದ ರಿಜೆಕ್ಷನ್ 2ರ ಹತ್ತಿರ ಬಂದಿದೆ. ತಿಂಗಳಿಗೆ 14-15 ಸಾವಿರ ಉಳಿಯುತ್ತದೆ ಅನ್ನುವುದು ನನ್ನ ಅಂದಾಜು. ಆ ಲೆಕ್ಕ ಹಿಡಿದುಕೊಂಡು ಪಗಾರ ಹೆಚ್ಚಿಸಿ ಅಂತ ಮಾಲೀಕರ ಹತ್ತಿರ ಹೋದೆ. "ಕುಂದರ್ರಿ. ನಿಮ್ಮ ಗುರಿ ಏನು? ಈಗಿನ ಸ್ಥಿತಿ ಹೆಂಗೈತಿ?" ಅಂದರು.